ಆರದ ಕಂದೀಲು

ಆ ಕಿಡಕಿ ಪೂರಾ ಹಾಕಬ್ಯಾಡ್ರಿ. ಬೆರಳಷ್ಟರ ಸಂದಿ ಇರಲಿ. ಥಂಡಿ ಹತ್ತಿದ್ರ ಇನ್ನೊಂದ ಕೌದಿ ಹೊಚಗೋರಿ...

ಇದು ಯಾರದೋ ಬಾಯಿಂದ ಯಾರದೋ ಕಿವಿಗೆ ಬಿದ್ದ ಸುದ್ದಿ ಅಲ್ಲ. ನನ್ನ ಖಾಸ ತಂಗಿ ಸಿದ್ದಲಿಂಗವ್ವನ ಸೊಸಿಗೆ ಆಗಿದ್ದು. ಸುನಂದಾ ಅಂತ ಅಕಿ ಹೆಸರು. ಸಿಂದಗಿಯಿಂದ ಕನ್ನೊಳ್ಳಿಗೆ ಹೋಗೂ ರಸ್ತಾದ ಮ್ಯಾಲ, ಊರ ಮುಗದು ಹೊಲ ಚಾಲೂ ಆಗೂ ಕಡೆ ಅವರ ಮನಿ.

ಅವತ್ತ ಅಮಾಸಿಗೆ ಎರಡ ದಿನ ಇತ್ತು. ರಾತ್ರಿ ಒಂಬತ್ತೂವರಿ. ಸುನಂದಾ ವಿದ್ಯಾವತಿಯ ರೊಟ್ಟಿ ಕೇಂದ್ರದಾಗ ಕೆಲಸ ಮುಗಿಸಿ ಒಬ್ಬಾಕಿನ ಹೊಂಟಿದ್ಳು. ಲಗ್ನದ ಸುಗ್ಗಿ. ಐದ ಮಂದಿ ಹೆಣಮಕ್ಕಳು ಕುಂತು ಮುಂಜಾನಿಂದ ಎಂಟನೂರ ರೊಟ್ಟಿ ಬಡದಿದ್ರು. ಅಂಗೈ ಉರೀತಿದ್ವು. ಸೆರಗಿನ್ಯಾಗ ಅತ್ತಿಗೆ ಅಂತ ನಾಕ ಬಿಸಿ ರೊಟ್ಟಿ ಕಟಗೊಂಡಿದ್ಳು.

ಹಾದ್ಯಾಗ ಒಂದ ಹಳೇ ಬಾವಿ. ಬಾವಿ ಮ್ಯಾಲ ಬಗ್ಗಿದ ಆಲದ ಗಿಡ. ಅದರ ಬಾಜೂಕ ಸಂಗಮೇಶ ಸಾವಕಾರನ ಮಂಗಲ ಕಾರ್ಯಾಲಯ. ಮ್ಯಾಲ ಲಗ್ನದ ಹಾಲ್, ನೆಲದ ಕೆಳಗ ಊಟದ ಹಾಲ್. ಆ ಕೆಳಗಿನ ಹಾಲಿನ ಕಿಡಕಿ ಹೊರಗ ನಿಂತು ನೋಡಿದ್ರ ನಮ್ಮ ಮೊಣಕಾಲಿಗೆ ಬರ್ತಾವು. ಒಳಗ ನಿಂತವರಿಗೆ ತಲಿಗಿಂತ ಎತ್ತರ, ಕೈ ನಿಲುಕೂದಿಲ್ಲ. ಅದಕ್ಕ ಚಿಲಕ ಹೊರಗಿನ ಮಗ್ಗಲಕ ಕೂಡಿಸಿದ್ರು.

ಸುನಂದಾ ಆ ಕಿಡಕಿ ಕಡೆ ನೋಡತಿದ್ದಿಲ್ಲ. ವರ್ಷ ಆಗಾಕ ಬಂದಿತ್ತು, ಒಮ್ಮೆನೂ ನೋಡಿದಾಕಿ ಅಲ್ಲ. ಕುತ್ತಿಗಿ ರಸ್ತಾದ ಆ ಕಡೆ ತಿರಿವಿ, ದಬದಬ ಹೆಜ್ಜಿ ಹಾಕಿ ದಾಟತಿದ್ಳು. ಅವತ್ತೂ ಹಂಗ ದಾಟಾಕತ್ತಿದ್ಳು...

ಸರ್... ಸರ್... ಸರ್...

ನಿಂತ್ಳು. ಆಲದ ಎಲಿ ಸಪ್ಪಳ ಅಲ್ಲದು. ಕಸಬರಿಗಿ ಸಪ್ಪಳಾನೂ ಅಲ್ಲ. ಹಸೀ ಎಣ್ಣಿಯೊಳಗ ರೋಲರ್ ಉರುಳೂ ಸಪ್ಪಳ. ಹೋಗಬೇಕಾದ್ರ ಉದ್ದಕ, ಬರಬೇಕಾದ್ರ ಗಿಡ್ಡಕ. ಸರ್ರ್... ಸರ್. ಸರ್ರ್... ಸರ್. ಅಕಿ ಐದ ವರ್ಷ ಕೇಳಿದ ಸಪ್ಪಳ.

ಆಮ್ಯಾಲ ಬಂತು ವಾಸನಿ. ಬಣ್ಣ ತೆಳ್ಳಗ ಮಾಡೂ ಥಿನ್ನರಿನ ವಾಸನಿ. ಮೂಗಿನ್ಯಾಗ ಸಣ್ಣ ಮುಳ್ಳ ಮುರದಂಗ, ಹಿಂದ ಒಂದೀಟ ಸೀ ಸೀ.

ಆಮ್ಯಾಲ...

ಟಕ್.

ಟಕ್ ಟಕ್.

ಒಳಗಿನಿಂದ ಕಿಡಕಿ ಗಾಜಿಗೆ ಯಾರೋ ಕೋಲಿನ ತುದಿಲೆ ಬಡದ್ರು. ಮೊದಲ ಒಂದು. ಒಂದ ಉಸಿರ ತಡದು, ಎರಡು.

ಕಾರ್ಯಾಲಯಕ್ಕ ಬೀಗ ಇತ್ತು. ಒಂದೂ ದೀಪ ಇರಲಿಲ್ಲ. ಸುನಂದಾ ಓಡಿದ್ಳು. ರೊಟ್ಟಿ ಸೆರಗಿನಿಂದ ಬಿದ್ದಿದ್ದೂ ಗೊತ್ತಾಗಲಿಲ್ಲ.

ಆ ಬಡ್ಯೂ ರೀತಿ ಅಕಿ ಗಂಡಂದು. ಕಲ್ಮೇಶಂದು. ಕಲ್ಮೇಶ ಸತ್ತು ಅವತ್ತಿಗೆ ಹನ್ನೊಂದ ತಿಂಗಳ ಆಗಿತ್ತು.

ಕಲ್ಮೇಶ ಎಂಥಾ ಹುಡುಗ ಅಂತ ನಿಮಗ ಹೇಳಬೇಕು. ಹಗೂರ ಮಾತು, ಹಗೂರ ನಡಗಿ. ಅವನ ಮುತ್ಯಾ, ಅಪ್ಪ ಇಬ್ಬರೂ ಹಗೇವು ಇಳ್ಯೂ ಮಂದಿ. ಹಗೇವು ನಿಮ್ಮ ಕಾಲಕ್ಕ ಎಲ್ಲಿ ಐತಿ? ನೆಲದಾಗ ಬಾವಿಯಂಗ ತೋಡಿ ಜ್ವಾಳ ತುಂಬಿ ಬಾಯಿ ಮುಚ್ಚಿಬಿಡೂದು. ವರ್ಷಗಟ್ಟಲೆ ಮುಚ್ಚಿದ್ದರೊಳಗ ಗಾಳಿ ಕೆಡತೈತಿ. ಹಂಗ ಇಳದ ಮನಷ್ಯಾ ಮ್ಯಾಲ ಬರೂದಿಲ್ಲ. ಅದಕ್ಕ ಬಾಯಿ ತಗದು ಒಂದ ದಿನ ಬಿಟ್ಟು, ಹಗ್ಗಕ್ಕ ಕಂದೀಲ ಕಟ್ಟಿ ಇಳಬಿಡೂದು. ಕಂದೀಲ ಆರಿದ್ರ ಇಳೀಬ್ಯಾಡ. ಉರದ್ರ ಇಳಿ. ಇಳ್ಯಾವನ ಸೊಂಟಕ್ಕ ಹಗ್ಗ, ಮ್ಯಾಲ ನಿಂತವರ ಕೈಯಾಗ ತುದಿ. ಆ ಮನಿಯಾಗ ಆ ಕಂದೀಲ ಮೂರ ತಲಿಯಿಂದ ಇತ್ತು. ಹಿತ್ತಾಳಿ ಬುಡ, ಗಾಜಿನ ಬುರಡಿ.

ಹಗೇವು ಹೋದ್ವು. ಕಲ್ಮೇಶ ಫರಸಿ ಪಾಲಿಶ್ ಕೆಲಸ ಕಲತ. ನೆಲಕ್ಕ ಹಾಸಿದ ಶಾಬಾದ ಕಲ್ಲಿನ ಫರಸಿ ತಿಕ್ಕಿ, ಮ್ಯಾಲ ಚಮಕ್ ಬರೂ ಕೋಟಿಂಗ್ ಎಳ್ಯೂದು. ಇಂಡಿಯೊಳಗ ಬಂಗಲಿ, ಬಾಗೇವಾಡಿಯೊಳಗ ಅಂಗಡಿ, ಎಲ್ಲಾ ಕಡೆ ಅವನ್ನ ಕರೀತಿದ್ರು. ಅವ ಎಳದ ನೆಲದಾಗ ಮಾರಿ ಕಾಣತಿತ್ತು ನೋಡ್ರಿ, ಕನ್ನಡಿ ಬ್ಯಾಡ.

ಎಲ್ಲಿ ಹೋದ್ರೂ ಕಂದೀಲ ಒಯ್ಯಾಂವ. ಮುಚ್ಚಿದ ಖೋಲಿ ಇದ್ರ, ಮೊದಲ ಕಂದೀಲ ಹಚ್ಚಿ ಮೆಟ್ಟಲ ಮ್ಯಾಲೋ ಹೊಸ್ತಲದ ಮ್ಯಾಲೋ ಇಡಾಂವ. ಉರದ್ರ, "ಗಾಳಿ ಚಲೋ ಐತಿ" ಅಂತ ಕೆಲಸಕ್ಕ ಇಳ್ಯಾಂವ.

"ಏನ್ರೀ, ಮೊಬೈಲ್‍ನ್ಯಾಗ ಬ್ಯಾಟರಿ ಇರಬೇಕಾದ್ರ ಈ ಮುತ್ಯಾನ ಕಂದೀಲ ಯಾಕ?" ಅಂತ ಸುನಂದಾ ನಗತಿದ್ಳು.

"ಮೊಬೈಲ್ ಬೆಳಕ ಕೊಡತೈತಿ. ಸುಳ್ಳ ಖರೇ ಹೇಳೂದಿಲ್ಲ. ಇದು ಹೇಳತೈತಿ."

ಅಕಿನೂ ಅವನ ಜೋಡಿ ಹೋಗಾಕಿ. ಕೋಟಿಂಗ್ ಹಸಿ ಇದ್ದಾಗ ಒಂದ ಹರಳ ಧೂಳ ಬಿದ್ರೂ ಕಾಳಿನಂಗ ಎದ್ದ ಕಾಣತೈತಿ. ಅದಕ್ಕ ಕಿಡಕಿ ಹಾಕಬೇಕು, ಬಾಗಲ ಸಂದಿಗೆ ಹಸೀ ಗೋಣಿತಾಟ ಒತ್ತಬೇಕು. ಅವ ಒಳಗ, ಅಕಿ ಹೊರಗ. ಅವ ಮೂಗಿಗೆ ಒಂದ ಹಸೀ ಟವೆಲ್ಲ ಕಟಗೊಳ್ಳಾಂವ, ಬಾಯಾಗ ಬೆಲ್ಲದ ತುಣಕ. ಬೆಲ್ಲ ತಿಂದ್ರ ಎದಿ ಸ್ವಚ್ಛ ಆಗತೈತಿ ಅಂತ ಆ ಕೆಲಸದವರೆಲ್ಲಾ ನಂಬ್ಯಾರ. ಕೆಲಸ ಒಂದ ಹಂತಕ್ಕ ಬಂತಂದ್ರ ರೋಲರಿನ ಉದ್ದ ಕೋಲಿಲೆ ಗಾಜಿಗೆ ಬಡ್ಯಾಂವ. ಟಕ್... ಟಕ್ ಟಕ್. ಅಂದ್ರ, ಸುನಂದಾ, ಕಿಡಕಿ ತಗಿ.

ಅಕಿ ತಗ್ಯಾಕಿ. ಅವ ಮಾರಿ ಮ್ಯಾಲ ಮಾಡಿ ಗಾಳಿ ಕುಡ್ಯಾಂವ, ಬಾಯಾರಿದ ಎತ್ತ ನೀರ ಕುಡದಂಗ.

ಎರಡ ವರ್ಷದಿಂದ ಅವ ಕೆಡಾಕ ಹತ್ತಿದ್ದ. ಮೊದಲ ತಲಿಶೂಲಿ. ಆಮ್ಯಾಲ ಊಟ ರುಚಿ ಹತ್ತವಲ್ದು ಅಂದ. ಉಪ್ಪಿಲ್ಲ ಅಂತಿದ್ದ, ಅಕಿ ಹಾಕಿದ ಮ್ಯಾಲೂ ಹಾಕೋತಿದ್ದ. ಚಹಾದ ಕಪ್ಪ ಹಿಡದ್ರ ಬಸಿಯೊಳಗ ಕಟಕಟ ಅಂತಿತ್ತು. ಸಂಜಿಕೆ ಮನಿಗೆ ಬರಬೇಕಾದ್ರ ಕಾಲ ಅಡ್ಡ ಬೀಳತಿದ್ವು. ಮಾತ ತೊದಲತಿತ್ತು. ಒಮ್ಮೆ ಸುಮ್ನ ನಕ್ಕೋತ ಕುಂತ, ತಾಸಗಟ್ಟಲೆ. ಒಮ್ಮೆ ಸುನಂದಾನ ಹೆಸರ ಮರತು, "ಏ... ಏ... ಇಕಿ" ಅಂತ ಕರದ.

ಮಂದಿ ಏನಂದಾರು? ಕುಡ್ಯಾಕ ಹತ್ಯಾನ ಅಂದ್ರು.

ಸುನಂದಾನೂ ಅದನ್ನ ಅಂದ್ಳು.

"ಬಾಯಿ ತೋರಸ್ರಿ."

"ಕುಡದಿಲ್ಲ, ನಿನ್ನಾಣಿ."

"ನನ್ನ ಆಣಿ ಹಾಕಬ್ಯಾಡ್ರಿ. ಮೈಯೆಲ್ಲಾ ವಾಸನಿ ಹೊಡ್ಯಾಕತ್ತೈತಿ."

"ಅದು ಕೆಲಸದ ವಾಸನಿ."

"ಕೆಲಸದ ವಾಸನಿಗೆ ಕಾಲ ತಡವರಸ್ತಾವೇನ್ರೀ?"

ಏನ ಹೇಳ್ಯಾನು? ತನ್ನ ಕಾಲ ಯಾಕ ತಡವರಸ್ತಾವು ಅಂತ ಅವಗಾ ತಿಳದಿರಲಿಲ್ಲ. ಕಂದೀಲಂತೂ ಎಲ್ಲಾ ಕಡೆ ಉರದಿತ್ತು.

ಹೋದ ವರ್ಷ ಉಗಾದಿ ಆದ ಮ್ಯಾಲ, ಸಂಗಮೇಶ ಸಾವಕಾರನ ಊಟದ ಹಾಲಿಗೆ ಕೋಟಿಂಗ್. ನಾಕ ದಿನಕ್ಕ ಲಗ್ನ ಇಟ್ಟಿದ್ರು, ಗಡಬಡಿ ಕೆಲಸ. ಅವತ್ತ ಸಂಜಿಮುಂದ ಅವ ಮೆಟ್ಟಲ ಇಳೀಬೇಕಾದ್ರ ಡಬ್ಬಿ ಕೈ ಜಾರಿ ಬಿತ್ತು. ಡಣ್ ಡಣ್ ಅಂತ ಉರುಳಿ ಅರ್ಧ ಚೆಲ್ತು. ಸುನಂದಾನ ಸಿಟ್ಟ ನೆತ್ತಿಗೇರಿತು.

"ಕುಡದ ಬಂದು ಮಂದಿ ಮನಿ ಕೆಲಸ ಕೆಡಸ್ತೀರಿ. ನನಗ ಮಾರಿ ತೋರಸಾಕ ನಾಚಿಕಿ ಆಗತೈತಿ."

ಅವ ಮ್ಯಾಲ ನೋಡಿದ. ನಕ್ಕ. ಆ ನಗೀನೂ ಕುಡದವರದಂಗ ಇತ್ತು. "ಕಿಡಕಿ ಹಾಕು, ಸುನಂದಾ. ಧೂಳ ಎದ್ದೈತಿ" ಅಂದ. ಅಷ್ಟ. ಅದ ಕಡೀ ಮಾತು.

ಅಕಿ ಆರೂ ಕಿಡಕಿ ಧಡ ಧಡ ಹಾಕಿದ್ಳು. ಆರೂ ಚಿಲಕ. ದಿನಾ ಬಾವಿ ಕಟ್ಟಿ ಮ್ಯಾಲ ಕುಂತು ಕಾಯಾಕಿ, ಅವತ್ತ ಕುಂದರಲಿಲ್ಲ. ಮನಿ ಹಾದಿ ಹಿಡದ್ಳು.

ಆಲದ ಗಿಡದ ತನಕ ಬಂದಿದ್ಳು...

ಟಕ್. ಟಕ್ ಟಕ್.

ಕೇಳಸ್ತು. ಕೇಳಸಲಿಲ್ಲ ಅಂತ ಅಕಿ ತನ್ನ ಮನಸಿಗೂ ಸುಳ್ಳ ಹೇಳಾಕ ಬರೂದಿಲ್ಲ. ಕೇಳಸ್ತು. "ಬಡೀಲಿ. ಏರಿದ್ದು ಇಳೀಲಿ" ಅಂದಕೊಂಡ್ಳು. ತಿರಗಲಿಲ್ಲ.

ರಾತ್ರಿ ಊಟದ ಹೊತ್ತಾದ್ರೂ ಅವ ಬರಲಿಲ್ಲ. ವಾಚಮನ್ ದುಂಡೇಶ ಬಾಗಲ ನೂಕಿ ನೋಡಿದ. ಕೆಳಗಿನ ಮೂರನೇ ಮೆಟ್ಟಲಕ ಎದಿ ಹಚ್ಚಿ ಬಿದ್ದಿದ್ದ ಕಲ್ಮೇಶ. ಹತ್ತಾಕ ಹೊಂಟಾಂವ. ಮ್ಯಾಲಿನ ಮೆಟ್ಟಲ ಮ್ಯಾಲ ಕಂದೀಲ...

ಉರೀತಿತ್ತು. ಚಂದಾಗಿ, ಹೊಗಿ ಇಲ್ಲದ, ಉರೀತಿತ್ತು.

ಸಾವಕಾರ "ಕುಡದ ಸತ್ತ" ಅಂತ ಊರೆಲ್ಲಾ ಹೇಳಿದ. ದವಾಖಾನ್ಯಾಗ ಹೆಣ ಕೊಯ್ದ ಡಾಕ್ಟರ್ ಬಾಯಿ ಸುನಂದಾನ್ನ ಬಾಜೂಕ ಕರದು ಕೂಡಿಸಿಕೊಂಡ್ಳು.

"ನಿಮ್ಮ ಮನಿಯವರ ಹೊಟ್ಟ್ಯಾಗ ಸೆರೆ ಒಂದ ಹನಿ ಇರಲಿಲ್ಲವಾ. ಆ ಥಿನ್ನರಿನ ಆವಿ ಮೈಗೆ ಏರಿ ಹಂಗ ಆಗತೈತಿ. ಕುಡದವರಂಗ ನಡೀತಾರ, ಕುಡದವರಂಗ ನಗತಾರ. ದಿನಾ ಕುಡದ ಗಾಳಿ ನರ ತಿಂತೈತಿ, ತಲಿ ತಿಂತೈತಿ. ಬಟ್ಟಿ ಕಟಗೊಂಡ್ರ ಅದು ನಿಲ್ಲೂದಿಲ್ಲ, ಬೆಲ್ಲ ತಿಂದ್ರ ಹೋಗೂದಿಲ್ಲ. ಅದಕ್ಕ ಬ್ಯಾರೇ ಮುಸುಕ ಇರತಾವು. ಅದಕ್ಕಿಂತ ಮೊದಲ, ಕಿಡಕಿ ತಗದಿರಬೇಕು."

"ಕಂದೀಲ ಆರಿರಲಿಲ್ಲರಿ ಬಾಯೀ" ಅಂದ್ಳು ಸುನಂದಾ. ಅದೊಂದ ಮಾತ ಹಿಡಕೊಂಡಿದ್ಳು. "ಉರದಿತ್ತರಿ. ಗಾಳಿ ಚಲೋ ಇತ್ತರಿ."

ಡಾಕ್ಟರ್ ಬಾಯಿ ಅಕಿ ಕೈ ಹಿಡಕೊಂಡ್ಳು. "ಹಗೇವಿನ ಗಾಳಿ ದೀಪಾನೂ ಆರಸ್ತೈತಿ, ಮನಷ್ಯಾನ್ನೂ ಆರಸ್ತೈತಿ. ಇದು ದೀಪ ಬಿಟ್ಟು ಮನಷ್ಯಾನ್ನ ಅಷ್ಟ ಆರಸ್ತೈತಿ. ಅಂಥಾದ್ರಾಗ ಬೆಂಕಿ ಇಟ್ಟಿದ್ರಿ... ಇಡೀ ಹಾಲ್ ಭಗ್ ಅನ್ನಲಿಲ್ಲ, ಅದ ಪುಣ್ಯೇವು."

ಒಂದ ಹನಿ ಇರಲಿಲ್ಲ... ಆ ಮಾತ ಅಕಿ ಎದಿಯಾಗ ಮೊಳಿಯಂಗ ಕುಂತಿತು. ಗಂಡ ಸುಳ್ಳ ಹೇಳಿರಲಿಲ್ಲ. ತನ್ನ ಆಣಿ ಸುಳ್ಳ ಹಾಕಿರಲಿಲ್ಲ. ಗಾಜಿಗೆ ಬಡದಿದ್ದು ಕೇಳಸಿತ್ತು ಅನ್ನೂ ಮಾತ ಮಾತ್ರ ಯಾರ ಮುಂದೂ ಆಡಲಿಲ್ಲ. ಅತ್ತಿ ಮುಂದಂತೂ ಆಡಲಿಲ್ಲ. ಹೆತ್ತಾಕಿ ಮುಂದ ಹೆಂಗ ಆಡ್ಯಾಳು?

ಈಗ ಹೊಳ್ಳಿ ರೊಟ್ಟಿ ಬಿದ್ದ ಆ ರಾತ್ರಿಗೆ ಬರೂಣು. ಸುನಂದಾ ತೇಕಕೋಂತ ಮನಿಗೆ ಬಂದ್ಳು. ಸಿದ್ದಲಿಂಗವ್ವ ಹೊರಸಿನ ಮ್ಯಾಲ ಕುಂತಿದ್ಳು.

"ಯಾಕ ನನ್ನವ್ವಾ, ನಾಯಿ ಬೆನ್ನ ಹತ್ತಿತ್ತೇನ?"

"ಇಲ್ಲರಿ ಅತ್ತೀ..."

"ಮತ್ತ ರೊಟ್ಟಿ ಎಲ್ಲಿ?"

"ಬಿದ್ವು."

ಮುದಿಕಿ ಅಕಿ ಮಾರಿ ನೋಡಿದ್ಳು. ದನಿ ಇಳಿಸಿದ್ಳು. "ಕರದನೇನ?"

ಸುನಂದಾ ಹೌದು ಅಂತ ಗೋಣ ಹಾಕಿದ್ಳು.

"ಹೆಸರ ಹಿಡದೇನ?"

"ಗಾಜ ಬಡದ್ರು. ಒಮ್ಮೆ."

"ಓ ಅನಬ್ಯಾಡ. ಕತ್ತಲಾಗ ಯಾರ ಕರದ್ರೂ ಮೂರನೇ ಸಲಕ್ಕ ಓ ಅನಬೇಕು. ಹೋದವರು ಎರಡ ಸಲಕ್ಕಿಂತ ಹೆಚ್ಚಿಗೆ ಕರ್ಯೂದಿಲ್ಲ." ಇಷ್ಟ ಹೇಳಿ ನನ್ನ ತಂಗಿ ಸೆರಗ ಬಾಯಿಗೆ ಒತ್ತಕೊಂಡ್ಳು. ಆಮ್ಯಾಲ ಸಣ್ಣ ದನಿಲೆ, "ನಾಳೆ ನನ್ನೂ ಕರಕೊಂಡ ಹೋಗು" ಅಂದ್ಳು.

ಮರುದಿನ ಮೊಣಕಾಲ ಬ್ಯಾನಿ ಇದ್ರೂ ಬಡಗಿ ಊರಕೋಂತ ಬಂದ್ಳು. ಇಬ್ಬರೂ ಬಾವಿ ಕಟ್ಟಿ ಮ್ಯಾಲ ಕುಂತ್ರು. ಹತ್ತ ಹೊಡೀತು. ಸರ್ರ್... ಸರ್. ಸುನಂದಾ ಅತ್ತಿ ಕೈ ಹಿಡದ್ಳು. ಟಕ್... ಟಕ್ ಟಕ್.

"ಕೇಳಸ್ತೇನ್ರಿ?"

"ಇಲ್ಲ."

"ಈಗ... ಈಗ ನೋಡ್ರಿ."

"ಇಲ್ಲವಾ. ಆಲದ ಎಲಿ ಅಷ್ಟ."

ಸಿದ್ದಲಿಂಗವ್ವ ನೆಲಕ್ಕ ಕುಂತು, ಆ ಕಿಡಕಿ ಗಾಜಿಗೆ ಕಿವಿ ಹಚ್ಚಿದ್ಳು. ಬಾಳೊತ್ತು ಹಚ್ಚಿದ್ಳು. "ಕಲ್ಲೂ... ನಾನಪಾ. ನಿಮ್ಮವ್ವ" ಅಂದ್ಳು. "ನನಗೂ ಒಮ್ಮೆ ಬಡೀಪಾ." ಏನೂ ಕೇಳಸಲಿಲ್ಲ. ಹೊಳ್ಳಿ ಬರಬೇಕಾದ್ರ ಹಾದಿ ತುಂಬ ಒಂದ ಮಾತು: "ಒಂಬತ್ತ ತಿಂಗಳ ಹೊತ್ತಾಕಿ ನಾನು. ನನಗ್ಯಾಕ ಕೇಳಸೂದಿಲ್ಲ?"

ಸುನಂದಾಗ ಗೊತ್ತಿತ್ತು. ಅವತ್ತ ಕೇಳಿಸಿಕೊಂಡು ತಿರಗದಾಕಿ ತಾನು. ಅದಕ್ಕ ತನಗ ಅಷ್ಟ ಬಡಿತಾನ. ಸೇಡ ಇಟ್ಟಾನ. ಹಂಗ ತಿಳಕೊಂಡ್ಳು ಅಕಿ.

ದಿನಾ ಒಮ್ಮೆ ಬಡ್ಯಾಂವ. ಒಂದೊಂದ ದಿನ ಎರಡ ಸಲ. ಮೂರನೇದ್ದು ಬರತಿದ್ದಿಲ್ಲ. ಅಕಿ ಕಿವಿ ಮುಚಗೊಂಡು ದಾಟಾಕಿ. ಅಕಿ ಕೈ ರೊಟ್ಟಿ ಬಡೀಬೇಕಾದ್ರೂ ಹಂಗ ಬಡ್ಯಾಕ ಹತ್ತಿದ್ವು, ಪಟ್... ಪಟ್ ಪಟ್. ವಿದ್ಯಾವತಿ ಬೈದ್ಳು, "ಏ, ರೊಟ್ಟಿ ಬಡೀತಿಯೋ, ಬಾಗಲ ಬಡೀತಿಯೋ?"

ಇಪ್ಪತ್ತ ದಿನ ಹೋದ್ವು. ಒಂದ ಮಧ್ಯಾನ ಕಾರ್ಯಾಲಯದ ಮುಂದಿನ ಚಹಾದ ಅಂಗಡ್ಯಾಗ ಸುನಂದಾ ಒಬ್ಬನ್ನ ನೋಡಿದ್ಳು. ಯಾಸೀನ ಅಂತ, ಮುದ್ದೇಬಿಹಾಳ ಕಡೇವ. ಮೂವತ್ತ ವರ್ಷದಾಂವ, ಮನಿಯಾಗ ಮೂರ ತಿಂಗಳ ಕೂಸು. ಊಟದ ಹಾಲಿಗೆ ಮತ್ತೊಮ್ಮೆ ಕೋಟಿಂಗ್ ಎಳ್ಯಾಕ ಸಾವಕಾರ ಕರಸಿದ್ದ. ಚಹಾ ಕುಡದು ಗ್ಲಾಸ ಇಡಾಕ ಹೋದ. ಟೇಬಲ್ ಗೇಣ ಈ ಕಡೆ ಇತ್ತು, ಅವ ಗಾಳಿಯೊಳಗ ಇಟ್ಟ. ಗ್ಲಾಸ ಬಿದ್ದ ಒಡೀತು. ನಕ್ಕ.

ಆ ನಗಿ ಸುನಂದಾಗ ಗುರತ ಇತ್ತು.

"ತಮ್ಮಾ, ಕುಡದಿಯೇನ?" ಅಂದ್ಳು. ಅಂದ ಮ್ಯಾಲ ತನ್ನ ನಾಲಿಗಿ ತಾನ ಕಚ್ಚಕೊಂಡ್ಳು.

"ತೋಬಾ ಅಕ್ಕಾ! ನಾ ಮುಟ್ಟೂದಿಲ್ಲ. ಬೇಕಂದ್ರ ನನ್ನ ಹೇಂತಿಗೆ ಫೋನ ಹಚ್ಚಿ ಕೊಡ್ಲೇನು? ಅಕಿ ಅಂತೂ ದಿನಾ ಬಾಯಿ ಮೂಸಿ ನೋಡತಾಳ."

"ಗೊತ್ತೈತಪಾ... ಗೊತ್ತೈತಿ. ಕಿಡಕಿ ತಗದ ಮಾಡು."

"ಧೂಳ ಬೀಳತೈತ್ರಿ. ಸಾವಕಾರ ನನ್ನ ಚರ್ಮ ಸುಲದು ಅದಕ್ಕ ಪಾಲಿಶ್ ಹೊಡಸ್ತಾನ." ಜೇಬಿನಿಂದ ಬೆಲ್ಲದ ತುಣಕ ತಗದು ತೋರಿಸಿದ. "ಇದ ಐತಲಾ. ಏನೂ ಆಗೂದಿಲ್ಲ."

"ನನ್ನ ಮನಿಯವರೂ ಬೆಲ್ಲ ತಿಂತಿದ್ರು."

"ಈಗ ಎಲ್ಲಿ ಅದಾರ್ರಿ?"

ಸುನಂದಾ ಬಗ್ಗಿ ಒಡದ ಗ್ಲಾಸಿನ ಚೂರ ಆರಸಾಕ ಹತ್ತಿದ್ಳು. ಅಂಗಡಿಯವ ಯಾಸೀನಗ ಕಣ್ಣ ಸನ್ನಿ ಮಾಡಿದ. ಯಾಸೀನನ ನಗಿ ನಿಂತಿತು. ಆದ್ರ ಕೆಲಸ ನಿಲ್ಲತೈತೇನ? ಎದ್ದ ಹೋದ.

ಆ ರಾತ್ರಿ ರೊಟ್ಟಿ ಕೇಂದ್ರ ಬಿಡಬೇಕಾದ್ರ ಊರಿಗೆ ಊರ ಕತ್ತಲ. ಕರೆಂಟ್ ಹೋಗಿತ್ತು. ಸುನಂದಾ ಬಾವಿ ದಾಟಿದ್ಳು. ವಾಸನಿ ಇತ್ತು, ಅದು ಖರೇ ಕೆಲಸದ ವಾಸನಿ. ಆರೂ ಕಿಡಕಿ ಹಾಕಿದ್ವು. ರೋಲರಿನ ಸಪ್ಪಳ ಇರಲಿಲ್ಲ. ಯಾಸೀನ ಕೆಲಸ ಮುಗಿಸಿ ಹೋಗ್ಯಾನು ಅಂದಕೊಂಡ್ಳು.

ಟಕ್. ಟಕ್ ಟಕ್.

ಕಾಲ ನಿಂತ್ವು. ಓ ಅನಬ್ಯಾಡ... ಮೂರನೇ ಸಲಕ್ಕ...

ಟಕ್. ಟಕ್ ಟಕ್.

ಎರಡು. ಅಕಿ ಸೆರಗ ಬಾಯಿಗೆ ತುರಕೊಂಡ್ಳು. ಆಲದ ಎಲಿನೂ ಅಳ್ಳಾಡಲಿಲ್ಲ. ಹೋಗಿಬಿಡ್ಲಿ ಅಂತ ಒಂದ ಮನಸು. ಹೋದ ವರ್ಷನೂ ಹಿಂಗ, ಇದ ಜಾಗಾದಾಗ, ಇದ ಗಿಡದ ಬುಡಕ ನಿಂತು...

ಟಕ್.

ಟಕ್ ಟಕ್.

ಮೂರು.

"ಓ" ಅಂದ್ಳು ಸುನಂದಾ. "ಓ... ಬಂದ್ನಿರಿ."

ಗಾಜಿನ ಆ ಕಡೆಯಿಂದ, ಬಾಳ ಹಗೂರಕ, ಟವೆಲ್ಲಿನೊಳಗಿಂದ ಬಂದಂಗ ಒಂದ ದನಿ. "ತಗಿ."

ಓಡಿದ್ಳು. ಮಣ್ಣಾಗ ಮೊಣಕಾಲೂರಿದ್ಳು. ಚಿಲಕ ಜಂಗ ಹಿಡದಿತ್ತು. ಕಲ್ಲ ತಗೊಂಡು ಬಡದ್ಳು. ಕಟ್... ಕಟ್... ಕಿರ್ರ್ ಅಂತ ಕಿಡಕಿ ತಗೀತು. ಒಳಗಿನ ಗಾಳಿ ಮಾರಿಗೆ ಹೊಡದು ಕಣ್ಣಾಗ ನೀರ ಬಂದ್ವು. ಒರಸ್ಕೊಂಡು ನೋಡಿದ್ಳು.

ಒಳಗ ಬೆಳಕ ಇತ್ತು. ಹಳದಿ ಬೆಳಕು. ಮ್ಯಾಲಿನ ಮೆಟ್ಟಲ ಮ್ಯಾಲ ಒಂದ ಕಂದೀಲ. ಹಿತ್ತಾಳಿ ಬುಡ, ಗಾಜಿನ ಬುರಡಿ. ಹೊಗಿ ಇಲ್ಲದ ಉರೀತಿತ್ತು. ಆ ಬೆಳಕಿನ್ಯಾಗ, ಹಸೀ ಫರಸಿ ಮ್ಯಾಲ, ಯಾಸೀನ ಬೋರಲ ಬಿದ್ದಿದ್ದ. ಅವನ ರೋಲರ್ ಕೋಲ ಅವನಿಂದ ಹತ್ತ ಮಾರ ದೂರ, ಗ್ವಾಡಿಗೆ ಆನಿಸಿ ನಿಂದರಿಸಿದಂಗ ಇತ್ತು. ಕಿಡಕಿ ಬುಡಕ ಯಾರೂ ಇರಲಿಲ್ಲ.

"ದುಂಡೇಶ ಕಾಕಾ! ಓಡಿ ಬಾರೋ ಎಪ್ಪಾ!" ಅಕಿ ಚೀರಿದ್ದು ಹೊಲದ ಮನಿಗಳ ತನಕ ಕೇಳಸ್ತಂತ.

ಮಂದಿ ಬಂದ್ರು. ಒಬ್ಬ ಕಡ್ಡಿ ಗೀರಾಕ ಹೋದ. "ಬೆಂಕಿ ಹಚ್ಚಬ್ಯಾಡ್ರಿ!" ಅಂತ ಸುನಂದಾ ಅವನ ಕೈಗೆ ಹೊಡದ್ಳು. ಆರೂ ಕಿಡಕಿ ತಗಸಿದ್ಳು, ಬಾಗಲ ತಗಸಿದ್ಳು. ಬಾವಿ ಹಗ್ಗ ಬಿಚ್ಚಿ ದುಂಡೇಶನ ಸೊಂಟಕ್ಕ ತಾನ ಕಟ್ಟಿದ್ಳು, ಮಾವ ಹಗೇವು ಇಳೀಬೇಕಾದ್ರ ಕಟಗೊಂತಿದ್ನಂತಲ್ಲ, ಹಂಗ. "ಕಾಕಾ, ಉಸರ ಹಿಡದ ಹೋಗು. ತಲಿ ತಿರಗಿದ್ರ ಹಗ್ಗ ಜಗ್ಗು." ದುಂಡೇಶ ಇಳದು ಯಾಸೀನನ ಬಗಲಿಗೆ ಕೈ ಹಾಕಿ ಎಳದ. ಮ್ಯಾಲಿನವರು ಹಗ್ಗ ಎಳದ್ರು. ಹೊರಗ ತಂದು ಆಲದ ಬುಡಕ ಒಂದ ಮಗ್ಗಲಾಗಿ ಮಲಗಿಸಿದ್ರು. ಒಂದ... ಎರಡ... ಮೂರ ಗಳಿಗಿ. ಆಮ್ಯಾಲ ಅವ ಕೆಮ್ಮಿದ.

ಸುನಂದಾ ಹೊಳ್ಳಿ ಮೆಟ್ಟಲ ಕಡೆ ನೋಡಿದ್ಳು. ಮಂದಿ ಮೊಬೈಲ್ ಬ್ಯಾಟರಿ ಬೆಳಕ ಮೆಟ್ಟಲ ತುಂಬ ಬಿದ್ದಿತ್ತು. ಕಂದೀಲ ಇರಲಿಲ್ಲ.

"ಇಲ್ಲಿಂದ ಕಂದೀಲ ಯಾರ ತಗದ್ರಿ?"

"ಯಾವ ಕಂದೀಲ?" ಅಂದ ದುಂಡೇಶ. "ಕುರುಡನಂಗ ತಡಕಾಡಿ ಎಳಕೊಂಡ ಬಂದೇನಿ ನಾ."

ನಾಕ ದಿನದ ಮ್ಯಾಲ ಸುನಂದಾ ದವಾಖಾನಿಗೆ ಹೋಗಿ ಯಾಸೀನನ್ನ ಮಾತಾಡಿಸಿದ್ಳು. ಹೇಂತಿ ಬಾಜೂಕ ಕುಂತಿದ್ಳು, ಉಡ್ಯಾಗ ಕೂಸು. ಅವ ಕೈ ಮುಗದ. ಕೈ ಇನ್ನೂ ನಡಗತಿದ್ವು.

"ನೀ ಬಡದಿದ್ದಕ್ಕ ನಾ ನಿಂತಿನೋ ತಮ್ಮಾ" ಅಂದ್ಳು ಸುನಂದಾ.

"ನಾ ಎಲ್ಲಿ ಬಡದ್ನಿ ಅಕ್ಕಾ? ಬಿದ್ದ ಮ್ಯಾಲ ಬೆರಳ ಎತ್ತಾಕ ಆಗಲಿಲ್ಲ. ಬಾಯಿ ಏಳಲಿಲ್ಲ. ಬಡ್ಯೂ ಸಪ್ಪಳ ನನಗೂ ಕೇಳಸ್ತು. ಹೊರಗಿಂದ ಯಾರೋ ಬಡ್ಯಾಕತ್ಯಾರ ಅಂದಕೊಂಡಿದ್ದೆ. ಬಡ್ಯಾಕ ನಿಲ್ಲೂ ಶಕ್ತಿ ಇರಬೇಕ್ರಿ. ನಿಂತ ಮನಷ್ಯಾ ಅಷ್ಟ ಬಡೀತಾನ."

ಅವ ಏನೂ ಅರೀದ ಹೇಳಿದ್ದು. ಆದ್ರ ಸುನಂದಾ ಆ ಒಂದ ಮಾತ ಹಿಡಕೊಂಡ ಹೊರಗ ಬಂದ್ಳು. ನಿಂತ ಮನಷ್ಯಾ ಅಷ್ಟ ಬಡೀತಾನ. ಹೋದ ವರ್ಷ ಆ ಸಂಜಿಕೆ ಗಾಜ ಬಡೀಬೇಕಾದ್ರ ಕಲ್ಮೇಶ ನಿಂತಿದ್ದ. ತಿರಗಿ ಹತ್ತ ಹೆಜ್ಜಿ ಹಾಕಿದ್ರ... ಬರೇ ಹತ್ತ ಹೆಜ್ಜಿ.

ಮನಿಗೆ ಬಂದು ಅತ್ತಿ ಕಾಲ ಹಿಡದ್ಳು. ವರ್ಷದಿಂದ ಗಂಟಲಾಗ ಇಟಗೊಂಡಿದ್ದು ಹೇಳಿದ್ಳು. "ಅವತ್ತ ಬಡದಿದ್ರು ಅತ್ತೀ. ಕೇಳಸಿತ್ತು. ನಾ ತಿರಗಲಿಲ್ಲ. ಬಡೀಲಿ ಅಂದ್ನಿ."

ಒಲಿ ಮುಂದ ಕುಂತಿದ್ದ ಸಿದ್ದಲಿಂಗವ್ವ ಉರೀಗೆ ಒಂದ ಕಟಗಿ ಒಟ್ಟಿದ್ಳು. ಒಲ್ಯಾಗಿನ ಕಟಗಿ ಚಟ್ ಅಂತು. ಆಮ್ಯಾಲ ಸೊಸಿ ತಲಿ ಮ್ಯಾಲ ಕೈ ಇಟ್ಳು.

"ಅವಗ ಕುಡಕ ಅಂತ ಮೊದಲ ಅಂದಾಕಿ ನಾನವಾ. ಹೆತ್ತ ಬಾಯಿಲೆ ಅಂದೇನಿ. ಅವ ನನ್ನ ಮಾರಿ ನೋಡಿದ, ಏನೂ ಅನ್ನಲಿಲ್ಲ." ಉಸರ ತಗೊಂಡ್ಳು. "ನಿನ್ನ ಮ್ಯಾಲ ಸಿಟ್ಟ ಇದ್ರ ನಿನ್ನ ಕರೀತಿದ್ನೇನ? ನೀ ತಗೀತಿ ಅನ್ನೂ ನಂಬಿಗಿ ಇತ್ತವಗ. ಅದಕ್ಕ ಕರದ. ನನ್ನ ಮ್ಯಾಲ ಅಷ್ಟೂ ಇರಲಿಲ್ಲ."

ಇಬ್ಬರೂ ಅವತ್ತ ಒಂದ ಗಂಗಾಳದಾಗ ಕೈ ಹಾಕಿ ಉಣ್ಣಾಕ ಕುಂತ್ರು.

ಆ ಮ್ಯಾಲ ಗಾಜ ಬಡ್ಯೂ ಸಪ್ಪಳ ಬರಲಿಲ್ಲ. ಒಂದ ದಿನಾನೂ ಬರಲಿಲ್ಲ. ಸುನಂದಾ ಈಗ ಓಡಿ ದಾಟೂದಿಲ್ಲ. ದಿನಾ ರಾತ್ರಿ ಬಾವಿ ಕಟ್ಟಿ ಮ್ಯಾಲ ಕುಂದರತಾಳ, ಗಂಡ ಇದ್ದಾಗ ಕುಂದರತಿದ್ಳಲ್ಲ, ಅದ ಕಲ್ಲಿನ ಮ್ಯಾಲ. ಆರೂ ಕಿಡಕಿ ಕಡೆ ನೋಡಕೋಂತ ಕುಂದರತಾಳ. ಅಂಜಿಕಿ ಹೋತು. ಒಮ್ಮೆ ಬಡದ್ರ ಸಾಕು, ಈ ಸಲ ಮೂರರ ತನಕ ಕಾಯೂದಿಲ್ಲ ಅಂತಾಳ. ಆಲದ ಎಲಿ ಅಷ್ಟ ಸಪ್ಪಳ ಮಾಡತಾವು.

ಇನ್ನೊಂದ ಮಾತ ಉಳೀತು.

ಯಾಸೀನ ಬಿದ್ದ ಆ ರಾತ್ರಿ ಸುನಂದಾ ಮನಿಗೆ ಬರಬೇಕಾದ್ರ ಸಿದ್ದಲಿಂಗವ್ವ ಎದ್ದ ಕುಂತಿದ್ಳು. "ಯಾರೂ ಮನಿಗೆ ಬಂದಿಲ್ಲ, ಯಾರೂ ಹೋಗಿಲ್ಲ. ಬಾಗಲಿಗೆ ನಾ ಅಡ್ಡ ಮಲಗೇನಿ. ಮತ್ತ ಅದೇನದು ನೋಡು" ಅಂತ ಗೂಟದ ಕಡೆ ಕೈ ಮಾಡಿದ್ಳು. ಗೂಟಕ್ಕ ಕಂದೀಲ. ಕಲ್ಮೇಶ ಹೋದ ದಿನದಿಂದ ಅಲ್ಲೇ ತೂಗಬಿಟ್ಟಿದ್ರು. ಮುಟ್ಟಿರಲಿಲ್ಲ. ಬುಡದಾಗ ಚಿಮಣಿ ಎಣ್ಣಿ ಇರಲಿಲ್ಲ, ಬತ್ತಿ ಒಣಗಿ ಕಡ್ಡಿ ಆಗಿತ್ತು. ವರ್ಷದ ಧೂಳ ಅದರ ಮ್ಯಾಲ ಹಂಗ ಕುಂತಿತ್ತು.

ಗಾಜ ಬಿಸಿ ಇತ್ತು.

ಇದು ಖರೇ. ಮರುದಿನ ಮುಂಜಾನಿ ಫೋನ ಬಂದ ಕೂಡಲೆ ಬಸ್ಸ ಹತ್ತಿ ನಾ ಹೋಗೇನಿ. ನನ್ನ ತಂಗಿ ಅಂಗೈ ನೋಡೇನಿ. ಕಂದೀಲ ಹಿಡದ ಕಡೆ ನಾಕ ಬೆರಳಿಗೆ ಬೊಬ್ಬಿ ಎದ್ದಿದ್ವು.